ಮೊದಲ ನೀರು

ಜಲಮಂಡಳಿಯ ಪ್ರಯೋಗಾಲಯದಲ್ಲಿ ಅವಳಿಗೆ ಮಿತಿಯಮ್ಮ ಎಂದು ಹೆಸರು ಬಿದ್ದದ್ದು ಫೋನಿನಿಂದಾಗಿ. ನಗರದ ಯಾವ ಮೂಲೆಯಿಂದ ಯಾರು ನಲ್ಲಿ ನೀರಿನ ಬಗ್ಗೆ ಕೇಳಿದರೂ ಆಪರೇಟರು ಆ ಕರೆಯನ್ನು ಅವಳ ಮೇಜಿಗೇ ತಳ್ಳುತ್ತಿದ್ದ. ಅವಳು ಆ ಬಡಾವಣೆಯ ವರದಿಯನ್ನು ತೆರೆದು, ಸಾಲುಸಾಲಿಗೆ ಬೆರಳಿಟ್ಟು ಓದಿ ಹೇಳುತ್ತಿದ್ದಳು. ನೈಟ್ರೇಟ್ ಇಷ್ಟು, ಮಿತಿಯೊಳಗಿದೆ. ಫ್ಲೋರೈಡ್ ಇಷ್ಟು, ಮಿತಿಯೊಳಗಿದೆ. ಸೀಸ ಇಷ್ಟು, ಅದೂ ಮಿತಿಯೊಳಗಿದೆ. ಪಕ್ಕದ ಮೇಜಿನವರು ಅವಳ ಜೊತೆಗೇ ತುಟಿಯಾಡಿಸಿ ನಗುತ್ತಿದ್ದರು. ಅವಳೂ ನಕ್ಕುಬಿಡುತ್ತಿದ್ದಳು. ಆ ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ನೀರನ್ನು ಅಳೆದವಳೂ ಅವಳೇ, ಅಂಕಿ ಬರೆದವಳೂ ಅವಳೇ. ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ.

ಅವಳ ನಾದಿನಿ ಸಿಟಿ ಬಸ್ಸಿನ ಡ್ರೈವರು. ದಪ್ಪ ದನಿ, ಅದಕ್ಕೆ ತಕ್ಕ ಬಾಯಿ. ಟ್ರಾಫಿಕ್ಕಿನಲ್ಲಿ ಹಾರ್ನು ಕೆಟ್ಟರೂ ನಾದಿನಿಗೆ ತೊಂದರೆಯಿಲ್ಲ ಎಂದು ಅವಳ ಅಣ್ಣನೇ ಗೇಲಿ ಮಾಡುತ್ತಿದ್ದ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಅವಳಿಗೆ ಒಂದು ಹೆಣ್ಣು ಮಗುವಾಗಿತ್ತು. ಎದೆಹಾಲು ಬೇಗ ಬತ್ತಿದ್ದರಿಂದ ಪುಟ್ಟಿ ಬೆಳೆದದ್ದು ಪುಡಿಹಾಲಿನ ಮೇಲೆ. ಹಳೇ ಪೇಟೆಯ ಓಣಿಯೊಂದರಲ್ಲಿ, ಎರಡು ಕೋಣೆಗಳ ಮನೆಯಲ್ಲಿ, ನಾದಿನಿ ರಜೆ ಹಾಕಿ ಮಗುವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. ಬಾಟಲಿ, ಚಮಚ, ನಿಪ್ಪಲ್ಲು, ಎಲ್ಲವೂ ಕುದಿಯುವ ನೀರಿನಲ್ಲಿ ಮಿಂದೇ ಮಗುವಿನ ಹತ್ತಿರ ಬರಬೇಕು.

ಆದರೂ ಪುಟ್ಟಿ ಮೈಹಿಡಿಯಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಸಣ್ಣದಕ್ಕೂ ಕಿರಿಕಿರಿ. ಡಾಕ್ಟರು ಕಬ್ಬಿಣಾಂಶದ ಹನಿ ಕೊಟ್ಟು ನೋಡಿದರು, ರಕ್ತ ಏರಲಿಲ್ಲ. ಕೊನೆಗೆ, ಯಾತಕ್ಕೂ ಇರಲಿ ಎಂದು, ಇನ್ನೊಂದು ಪರೀಕ್ಷೆಗೆ ಬರೆದರು. ಅದರ ಫಲಿತಾಂಶ ಕೈಗೆ ಬಂದ ದಿನ ನಾದಿನಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನೇರವಾಗಿ ಪ್ರಯೋಗಾಲಯಕ್ಕೇ ಬಂದುಬಿಟ್ಟಳು.

"ಅತ್ತಿಗೆ, ಮಗು ರಕ್ತದಲ್ಲಿ ಸೀಸ ಇದೆಯಂತೆ. ಸೀಸ! ಬಂದೂಕಿನ ಗುಂಡಿಗೆ ಹಾಕ್ತಾರಲ್ಲ, ಅದು. ನನ್ನ ಮಗು ಮೈಯೊಳಗೆ ಅದು ಹೆಂಗೆ ಬಂತು?"

ಗಾಜಿನ ಕೊಳವೆಗಳ ನಡುವೆ ಆ ದನಿ ಗುಂಯ್ ಎಂದಿತು. ಮಿತಿಯಮ್ಮ ಅವಳನ್ನು ಹೊರಗಿನ ಬೆಂಚಿಗೆ ಕರೆದೊಯ್ದು ಕೂರಿಸಿದಳು. ಕೆಲಸದ ಅಭ್ಯಾಸ, ಮೊದಲು ಪ್ರಶ್ನೆಗಳೇ ಬಾಯಿಗೆ ಬಂದವು. "ಡಾಕ್ಟರು ಏನಂದ್ರು? ಮನೆಗೆ ಹಳೇ ಪೇಂಟ್ ಇದೆಯಾ ಅಂತ ಕೇಳಿದ್ರಾ? ಆಟದ ಸಾಮಾನು?"

"ಎಲ್ಲ ಕೇಳಿದ್ರು. ಕೊನೇಲಿ ನೀರು ಯಾವ್ದು ಅಂದ್ರು. ನಲ್ಲಿ ನೀರು ಅಂದೆ. ನಮ್ಮತ್ತಿಗೇನೇ ಅದನ್ನ ಪರೀಕ್ಷೆ ಮಾಡೋದು, ಅದರಲ್ಲಿ ಏನೂ ಇಲ್ಲ ಅಂದೆ." ನಾದಿನಿ ಅವಳ ಮುಖವನ್ನೇ ನೋಡಿದಳು. "ಇಲ್ಲ ತಾನೇ?"

"ನಿಮ್ಮ ಬಡಾವಣೇದು ಮಿತಿಯೊಳಗಿದೆ ಕಣೇ. ಹತ್ತು ದಾಟಬಾರದು. ನಿಮ್ಮದು ಮೂರೋ ನಾಲ್ಕೋ ಇರುತ್ತೆ."

ಹತ್ತು ಎಂದರೆ ಲೀಟರು ನೀರಿಗೆ ಹತ್ತು ಮೈಕ್ರೊಗ್ರಾಂ. ಒಂದು ಗ್ರಾಂ ಸೀಸವನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲು. ಕಣ್ಣಿಗೆ ಕಾಣದು, ನಾಲಿಗೆಗೆ ಹತ್ತದು, ಮೂಗಿಗೆ ಬಡಿಯದು. ಯಂತ್ರಕ್ಕೆ ಮಾತ್ರ ಗೊತ್ತಾಗುವಂಥದ್ದು.

ಅಂದು ಸಂಜೆಯೇ ಮಿತಿಯಮ್ಮ ನಾದಿನಿಯ ಮನೆಗೆ ಹೋದಳು. ಕಿಟಕಿಯ ಬಣ್ಣ ಕೆರೆದುಕೊಂಡಳು. ತೊಟ್ಟಿಲಿನ ಸರಳು, ಗಿಲಕಿ, ಬಟ್ಟಲು, ಒಂದನ್ನೂ ಬಿಡಲಿಲ್ಲ. ಕಡೆಯಲ್ಲಿ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ಗಡಿಯಾರ ನೋಡುತ್ತ ನಿಂತು, ನೀರು ಸಾಕಷ್ಟು ಹರಿದ ಮೇಲೆ ಬಾಟಲಿ ಹಿಡಿದಳು. ನಿಯಮ ಇದ್ದದ್ದೇ ಹಾಗೆ. ಬಣ್ಣದಲ್ಲಿ ಏನೂ ಸಿಗಲಿಲ್ಲ. ಗಿಲಕಿಯಲ್ಲಿ ಏನೂ ಇರಲಿಲ್ಲ. ನೀರಿನಲ್ಲಿ ಮೂರು.

ಮರುದಿನ ಅದನ್ನು ಹೇಳಲು ಹೋದಾಗ ನಾದಿನಿ ಸ್ಟೌ ಮುಂದೆ ನಿಂತಿದ್ದಳು. "ಮಿತಿಯೊಳಗಿದೆ" ಎಂಬ ಮಾತು ಕೇಳಿ ತಿರುಗಿದಳು.

"ಅತ್ತಿಗೆ, ನೀವು ನಿನ್ನೆ ನೀರು ಹಿಡಿಯೋಕೆ ಮುಂಚೆ ಅಷ್ಟೊಂದು ಚೆಲ್ಲಿದ್ರಲ್ಲ, ಯಾಕೆ?"

"ರೂಲ್ಸೇ ಹಂಗೆ. ಪೈಪಲ್ಲಿ ನಿಂತ ನೀರು ಹೋಗಿ, ರಸ್ತೆಯ ದೊಡ್ಡ ಪೈಪಿನ ನೀರು ಬರಬೇಕು. ನಾವು ಕಳಿಸೋ ನೀರು ಹೆಂಗಿದೆ ಅಂತ ಆಗ ಗೊತ್ತಾಗೋದು."

"ನಾನು ಚೆಲ್ಲಲ್ವಲ್ಲ! ಪುಟ್ಟಿ ಬೆಳಕು ಹರಿಯೋಕೆ ಮುಂಚೆ ಎದ್ದು ಅಳ್ತಾಳೆ. ನಾನು ನಿದ್ದೆಗಣ್ಣಲ್ಲೇ ನಲ್ಲಿ ತಿರುಗಿಸಿ ಕೆಟಲ್ ತುಂಬ್ತೀನಿ. ಮೊದಲು ಬಂದ ನೀರೇ ಅವಳ ಹೊಟ್ಟೆಗೆ ಹೋಗೋದು. ಆ ನೀರನ್ನ ಯಾರು ನೋಡಿದಾರೆ?"

ಆ ನೀರನ್ನು ಯಾರೂ ನೋಡಿರಲಿಲ್ಲ. ನೋಡಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಆ ನಿಯಮ ಬರೆದವರು ಮೂರ್ಖರೇನಲ್ಲ. ಶುದ್ಧೀಕರಣ ಘಟಕದಿಂದ ಹೊರಟ ನೀರು ದಾರಿಯಲ್ಲಿ ಕೆಟ್ಟಿತೇ ಎಂದು ತಿಳಿಯಲು ಬರೆದದ್ದು, ಆ ಕೆಲಸಕ್ಕೆ ಅದು ಸರಿಯಾಗಿಯೇ ಇತ್ತು. ಆದರೆ ರಾತ್ರಿಯೆಲ್ಲ ಮನೆಗೆ ಬರುವ ಪೈಪಿನಲ್ಲಿ ಮಲಗಿದ್ದ ನೀರು ಏನನ್ನು ಹೀರಿಕೊಂಡು ಎದ್ದಿತು ಎಂಬುದು ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ನಾನು ಬರ್ತೀನಿ. ನಾನು ಬರೋವರೆಗೂ ಯಾರೂ ನಲ್ಲಿ ಮುಟ್ಟಬೇಡಿ."

ಬೆಳಿಗ್ಗೆ ಅವಳು ಬಂದಾಗ ಓಣಿಯಲ್ಲಿ ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು. ನಾದಿನಿ ನಲ್ಲಿಗೆ ಅಡ್ಡವಾಗಿ, ಗೇಟು ಕಾಯುವವಳ ಹಾಗೆ ನಿಂತಿದ್ದಳು. ಅವಳ ಗಂಡ ಮುಖ ಕೂಡ ತೊಳೆಯದೆ ಮೂಲೆಯಲ್ಲಿ ಕೂತಿದ್ದ. ಮಿತಿಯಮ್ಮ ಮೊದಲು ಬಂದ ನೀರನ್ನು ಒಂದು ಹನಿಯೂ ಚೆಲ್ಲದಂತೆ ಕೆಟಲ್ಲಿಗೆ ಹಿಡಿದು, ಅದರಿಂದ ಒಂದು ಬಾಟಲಿ ತುಂಬಿಕೊಂಡಳು. ನಂತರ ನಾದಿನಿಗೆ ಹೇಳಿದಳು: "ದಿನಾ ಹಾಲಿಗೆ ನೀರು ಹೆಂಗೆ ಮಾಡ್ತೀಯೋ ಹಂಗೇ ಮಾಡು." ಕೆಟಲ್ಲಿನಲ್ಲಿ ಉಳಿದ ಮೊದಲ ನೀರು ಸ್ಟೌ ಮೇಲೆ ಕುದಿಯಿತು, ಕುದಿಯುತ್ತಲೇ ಇತ್ತು. ಆಫ್ ಮಾಡುವ ಹೊತ್ತಿಗೆ ಅದರಲ್ಲಿ ಮೂರನೇ ಒಂದು ಪಾಲು ಇಂಗಿಹೋಗಿತ್ತು. ಅದನ್ನೂ ಒಂದು ಬಾಟಲಿಗೆ ಸುರಿದುಕೊಂಡಳು. ಹೊರಡುವ ಮುಂಚೆ ಮೀಟರಿನ ಪೆಟ್ಟಿಗೆ ತೆರೆದು, ರಸ್ತೆಯಿಂದ ಮನೆಗೆ ಬರುವ ಸಣ್ಣ ಪೈಪನ್ನು ಅಡುಗೆಮನೆಯ ಚಾಕುವಿನಿಂದ ಗೀರಿದಳು. ಕಬ್ಬಿಣವಾಗಿದ್ದರೆ ಚಾಕು ಜಾರಬೇಕಿತ್ತು. ಇದು ಬೆಣ್ಣೆಯ ಹಾಗೆ ಸೀಳಿತು. ಮಾಸಲು ಬಣ್ಣದ ಕೆಳಗೆ ಬೆಳ್ಳಿಯಂಥ ಗೆರೆಯೊಂದು ಹೊಳೆಯಿತು. ಸೀಸ.

ಮೊದಲ ನೀರಿನಲ್ಲಿ ನಲವತ್ತಾರು ಇತ್ತು. ಕುದಿಸಿದ ನೀರಿನಲ್ಲಿ ಅರವತ್ತೆಂಟು.

ಅವಳು ಯಂತ್ರವನ್ನು ನಂಬದೆ ಮತ್ತೆ ಓಡಿಸಿದಳು. ಶುದ್ಧ ನೀರು ಹಾಕಿ ಸೊನ್ನೆ ಬರುತ್ತದೆಯೇ ಎಂದು ನೋಡಿ, ಇನ್ನೊಮ್ಮೆ ಓಡಿಸಿದಳು. ಅಂಕಿ ಅಲುಗಲಿಲ್ಲ.

ಮೊದಲ ಅಂಕಿಯನ್ನು ನಾದಿನಿಗೆ ಹೇಳುವುದು ಅವಳಿಗೆ ಅಷ್ಟು ಕಷ್ಟವಾಗಲಿಲ್ಲ. ಎರಡನೆಯದನ್ನು ಚೀಟಿಯಲ್ಲಿ ಬರೆದು ಅವಳ ಮುಂದೆ ಸರಿಸಿದಳು.

"ಕುದಿಸಿದ್ರೆ ಕಡಿಮೆ ಆಗ್ಬೇಕಲ್ವಾ ಅತ್ತಿಗೆ?"

"ಕುದಿಸಿದ್ರೆ ರೋಗದ ಕ್ರಿಮಿ ಸಾಯುತ್ತೆ. ಸೀಸಕ್ಕೆ ಜೀವ ಎಲ್ಲಿದೆ, ಸಾಯೋಕೆ? ನೀರು ಆವಿಯಾಗಿ ಹೋಗುತ್ತೆ, ಸೀಸ ಅಲ್ಲೇ ಕೂತಿರುತ್ತೆ. ಹೆಚ್ಚು ಕುದಿಸಿದಷ್ಟೂ..."

ಮಾತನ್ನು ಮುಗಿಸಬೇಕಾಗಿ ಬರಲಿಲ್ಲ. ನಾದಿನಿ ಕೈಯಲ್ಲಿದ್ದ ಹಾಲಿನ ಬಾಟಲಿಯನ್ನು ನೋಡಿದಳು. ಮಗುವನ್ನು ಅಪ್ಪಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಬೆನ್ನು ಅಲುಗುತ್ತಿತ್ತು. "ಚೆನ್ನಾಗಿ ಕಾಯಿಸ್ತಿದ್ದೆ ಅತ್ತಿಗೆ," ಎಂದಳು ಕೊನೆಗೆ, "ಬೇರೆಯವರಿಗಿಂತ ಜಾಸ್ತಿ ಕಾಯಿಸ್ತಿದ್ದೆ."

"ನಿಂದೇನೂ ತಪ್ಪಿಲ್ಲ. ಕಾಯಿಸಿ ಕುಡೀರಿ ಅಂತ ನಾವೇ ಬೋರ್ಡು ಹಾಕಿದೀವಿ."

ಮುಖ್ಯ ರಸಾಯನಜ್ಞರು ಬೆಳ್ಳಿಗೂದಲಿನ, ಮೃದು ಮಾತಿನ ಮನುಷ್ಯ. ಮಿತಿಯಮ್ಮನಿಗೆ ಕೆಲಸ ಕಲಿಸಿದವರೇ ಅವರು. ಬಾಟಲಿಯ ಮುಚ್ಚಳದ ಒಳಮೈಗೆ ಬೆರಳು ತಾಗಿದರೆ ಆ ಮಾದರಿಯನ್ನೇ ಚೆಲ್ಲಿಸುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು, ಮಧ್ಯೆ ಬಾಯಿ ಹಾಕಲಿಲ್ಲ.

"ನೋಡಿ," ಎಂದರು, "ಮೀಟರಿನಿಂದ ಈಚೆ ಮನೆಯವರದ್ದು. ಆಚೆಯದ್ದು ನಮ್ಮದು. ಸೀಸದ ಪೈಪು ಆಚೆಗಿದೆ ಅಂತೀರಿ. ಒಪ್ಪಿದೆ. ಆದರೆ ಇದು ಒಂದು ಮನೆ. ಅದೂ ನಿಮ್ಮ ಮನೆಯವರ ಮನೆ. ಒಂದು ಮನೆ ಹಿಡಿದು ಊರೆಲ್ಲ ಹಿಂಗೇ ಅಂದ್ರೆ, ನಾಳೆ ಹಳೇ ಪೇಟೆಯವರು ಬೀದಿಗೆ ಬರ್ತಾರೆ. ಅವರಿಗೆ ಕುಡಿಯೋಕೆ ನಾನು ಏನು ಕೊಡಲಿ? ಭಯ ಹುಟ್ಟಿಸೋದು ಸುಲಭ. ಭಯ ಬಿದ್ದೋರು ಕೊಳದ ನೀರು, ಬಾವಿ ನೀರು ಕುಡಿದು ಭೇದಿಗೆ ಸಿಕ್ಕರೆ? ಅದನ್ನ ನಾನು ನೋಡಿದೀನಿ."

ಅವರ ಮಾತಿನಲ್ಲಿ ತೂಕವಿತ್ತು. ಆದ್ದರಿಂದಲೇ ಅವಳಿಗೆ ಸಿಟ್ಟು ಬರಲಿಲ್ಲ. "ನೀರು ಕುಡೀಬೇಡಿ ಅನ್ನೋದು ಬೇಡ ಸರ್. ಬೆಳಿಗ್ಗೆ ಮೊದಲು ತಣ್ಣಗಾಗೋವರೆಗೆ ನೀರು ಹರಿಸಿ, ಆಮೇಲೆ ಹಿಡೀರಿ ಅನ್ನೋಣ. ಎಳೆ ಮಕ್ಕಳಿಗೆ ಬೇರೆ ನೀರು ಕೊಡಿ ಅನ್ನೋಣ. ಅಷ್ಟನ್ನ ಇವತ್ತೇ ಹೇಳಬಹುದಲ್ಲ?"

"ಒಂದು ಮನೆ ಇಟ್ಕೊಂಡು?"

"ಹಾಗಾದ್ರೆ ಓಣಿನೇ ತರ್ತೀನಿ ಸರ್."

ಅವರು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮೇಜಿನ ಮೇಲಿದ್ದ ಕನ್ನಡಕವನ್ನು ಒರೆಸತೊಡಗಿದರು.

ಓಣಿಯನ್ನು ಹೊರಡಿಸಿದವಳು ನಾದಿನಿ. ಅಳು ಮುಗಿದ ಮೇಲೆ ಅವಳಲ್ಲಿ ಉಳಿದದ್ದು ಹಟವೊಂದೇ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮನೆಮನೆಯ ಬಾಗಿಲು ಬಡಿದಳು. ಮಿತಿಯಮ್ಮ ಹಿಂದಿನಿಂದ ತೊಳೆದ ಬಾಟಲಿಗಳ ಬುಟ್ಟಿ ಹೊತ್ತು ನಡೆದಳು. ರಾತ್ರಿ ಮಲಗುವಾಗ ನಲ್ಲಿ ಕಟ್ಟಬೇಕು, ಬೆಳಿಗ್ಗೆ ಎದ್ದ ತಕ್ಷಣ, ಬೇರೆ ಏನಕ್ಕೂ ಬಳಸದೆ, ಮೊದಲು ಬಂದ ನೀರನ್ನು ಇದರಲ್ಲಿ ತುಂಬಿಡಬೇಕು. ಹೇಳುವುದಕ್ಕೆ ಇಷ್ಟೇ. ಮಾಡಿಸುವಾಗ ಸಾಕುಬೇಕಾಯಿತು.

ಚಪ್ಪಲಿ ಹೊಲಿಯುವವನು ಬಾಟಲಿಯನ್ನು ಚೊಕ್ಕಟ ಮಾಡಬೇಕೆಂದು ಸೋಪಿನಿಂದ ಉಜ್ಜಿ, ನೊರೆಯ ಸಮೇತ ತುಂಬಿಕೊಟ್ಟ. ನಿವೃತ್ತ ಡ್ರಿಲ್ ಟೀಚರು ತಮ್ಮ ಮನೆಯ ನೀರು ಕೆಟ್ಟದ್ದೆಂದು ಯಾರೂ ಅನ್ನಬಾರದೆಂದು ಮಗಳ ಮನೆಯಿಂದ ನೀರು ತರಿಸಿ ತುಂಬಿದ್ದರು. ಒಬ್ಬಾಕೆ ಕಾಯಿಸಿ, ಆರಿಸಿ, ಸೋಸಿ ಕೊಟ್ಟಳು. "ಲ್ಯಾಬಿಗೆ ಹೋಗೋ ನೀರು, ಹಂಗೇ ಕೊಡೋಕಾಗುತ್ತಾ ತಾಯಿ?" ಎಂಬುದು ಅವಳ ವಾದ. ನಾದಿನಿ ಅವರವರಿಗೆ ತಕ್ಕ ಬೈಗುಳ ಬೈದು ಹೊಸ ಬಾಟಲಿ ಕೈಗಿಟ್ಟಳು. "ನಿಮ್ಮ ಮರ್ಯಾದೆ ಪರೀಕ್ಷೆ ಮಾಡ್ತಿಲ್ಲ ಟೀಚರ್, ಪೈಪಿನ ಮರ್ಯಾದೆ ಪರೀಕ್ಷೆ ಮಾಡ್ತಿರೋದು!"

ಪ್ರಯೋಗಾಲಯದ ದಿನದ ಕೆಲಸ ಶುರುವಾಗುವ ಮುಂಚೆ, ಮುಗಿದ ಮೇಲೆ, ಊಟದ ಬಿಡುವಿನಲ್ಲಿ ಮಿತಿಯಮ್ಮ ಆ ಬಾಟಲಿಗಳನ್ನು ಯಂತ್ರಕ್ಕೆ ಉಣಿಸಿದಳು. ಪೈಪು ಬದಲಾಯಿಸಿಕೊಂಡಿದ್ದ ಕೆಲವು ಮನೆಗಳಲ್ಲಿ ಸೀಸದ ಸುಳಿವೇ ಇರಲಿಲ್ಲ. ಡ್ರಿಲ್ ಟೀಚರ ಮನೆಯಲ್ಲಿ ಐವತ್ತು ದಾಟಿತ್ತು. ಓಣಿಯ ಅರ್ಧಕ್ಕಿಂತ ಹೆಚ್ಚು ಮನೆಗಳು ಹತ್ತನ್ನು ಮೀರಿದ್ದವು.

ದರ್ಜಿಯ ಮನೆಯಲ್ಲಿ ಬಂದದ್ದು ಒಂಬತ್ತು.

ದರ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆಯೇ ಅದನ್ನು ಕೇಳಿಸಿಕೊಂಡ. ಒಳಗೆ ಅವನ ಸೊಸೆ, ತುಂಬು ಬಸುರಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ಹತ್ತಲ್ವಾ ಲೆಕ್ಕ?" ಎಂದ ದರ್ಜಿ. "ಅಂದ್ರೆ ನಮ್ದು ಮಿತಿಯೊಳಗೇ ಇದೆ. ಬಚಾವಾದ್ವಿ."

ಆ ಮಾತನ್ನು ಮಿತಿಯಮ್ಮ ಸಾವಿರಾರು ಜನರಿಗೆ ಹೇಳಿದ್ದಳು. ಈಗ ಅದು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು. ಸೊಸೆ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಕೂತ್ಕೋಮ್ಮ, ಹೇಳ್ತೀನಿ," ಎಂದಳು. "ಹತ್ತು ಅಂತ ಬರೆದಿದಾರಲ್ಲ, ಅದು ಇಷ್ಟರ ಕೆಳಗೆ ಇಟ್ಟುಕೊಳ್ಳೋಕೆ ಇಲಾಖೆಗಳ ಕೈಲಾಗುತ್ತೆ ಅಂತ ಹಾಕಿದ ಗೆರೆ. ಒಂಬತ್ತಾದ್ರೆ ಒಳ್ಳೇದು, ಹನ್ನೊಂದಾದ್ರೆ ಕೆಟ್ಟದ್ದು ಅಂತ ಮಗು ಮೈಗೆ ಗೊತ್ತಾಗಲ್ಲ. ಮಗುಗೆ ಸೀಸ ಎಷ್ಟು ಕಮ್ಮಿ ಹೋದ್ರೆ ಅಷ್ಟು ಒಳ್ಳೇದು. ಇಷ್ಟು ಹೋದ್ರೆ ಪರವಾಗಿಲ್ಲ ಅಂತ ಯಾವ ಡಾಕ್ಟರೂ ಹೇಳಲ್ಲ. ನೀನೂ ಬೆಳಿಗ್ಗೆ ನೀರು ಹರಿಸಿಯೇ ಹಿಡಿ. ಹರಿದ ನೀರು ನೆಲ ಒರೆಸೋಕೆ, ಗಿಡಕ್ಕೆ ಇರಲಿ."

ದರ್ಜಿಯ ಯಂತ್ರ ನಿಂತಿತು. "ಇಷ್ಟು ದಿನ ಫೋನಲ್ಲಿ ಹಿಂಗೆ ಹೇಳ್ತಿರಲಿಲ್ವಲ್ಲ ನೀವು?"

"ಇಲ್ಲ," ಎಂದಳು ಮಿತಿಯಮ್ಮ. "ಇನ್ಮೇಲೆ ಹೇಳ್ತೀನಿ."

ಹಾಗೆಯೇ ಮಾಡಿದಳು. ಫಲಿತಾಂಶಗಳನ್ನು ಮುಖ್ಯ ರಸಾಯನಜ್ಞರ ಮುಂದಿಟ್ಟ ದಿನ ಅವರ ಮುಖ ಕೆಂಪಾಯಿತು. ದಾಖಲಾಗದ ಮಾದರಿಗಳು, ಮನೆಯವರೇ ತುಂಬಿದ ಬಾಟಲಿಗಳು, ಮಂಡಳಿಯ ಯಂತ್ರ. ಇದರಲ್ಲಿ ಒಂದು ಅಂಕಿಯೂ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ, ಇವನ್ನು ಇಟ್ಟುಕೊಂಡು ತಾನು ಮಂಡಳಿಯ ಮುಖ್ಯ ಎಂಜಿನಿಯರರ ಎದುರು ಬಾಯಿ ತೆರೆದರೆ ಅವರು ಮೊದಲ ಮಾತಿನಲ್ಲೇ ಮುಗಿಸಿಬಿಡುತ್ತಾರೆ ಎಂದರು. ಮೇಲಿನಿಂದ ವಿಚಾರಣೆ ಬಂತು. ಅವಳನ್ನು ಯಂತ್ರದಿಂದ ಬಿಡಿಸಿ, ಬರೀ ಫೋನಿಗೆ ಕೂರಿಸಿದರು.

ಫೋನಿಗೆ ಕೂರಿಸಿದ್ದೇ ಅವರಿಗೆ ಎಡವಟ್ಟಾಯಿತು. ಯಾರೇ ಕೇಳಲಿ, ಮಿತಿಯಮ್ಮ ವರದಿಯಲ್ಲಿದ್ದುದನ್ನು ಇದ್ದಂತೆ ಓದಿ, ಆಮೇಲೆ ಕೇಳುತ್ತಿದ್ದಳು: "ನಿಮ್ಮ ಮನೆ ಎಷ್ಟು ಹಳೇದು? ಮೀಟರ್ ಹತ್ತಿರದ ಪೈಪು ಗೀರಿದ್ರೆ ಹೊಳೆಯುತ್ತಾ? ಮನೇಲಿ ಸಣ್ಣ ಮಕ್ಕಳಿದಾರಾ?" ನಂತರ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ನೀರು ಹರಿಸುವುದನ್ನೂ ಕುದಿಸುವುದರಿಂದ ಸೀಸ ಹೋಗದೆಂಬುದನ್ನೂ ಹೇಳುತ್ತಿದ್ದಳು. ಪಕ್ಕದ ಮೇಜಿನವರು ಈಗ ನಗುತ್ತಿರಲಿಲ್ಲ. ಕೆಲವರು ತಲೆ ತಗ್ಗಿಸಿಕೊಂಡು ತಮ್ಮ ಕೆಲಸ ನೋಡಿಕೊಂಡರು. ಕ್ರಿಮಿ ಪರೀಕ್ಷೆಯ ಹುಡುಗಿಯೊಬ್ಬಳು ಮಾತ್ರ ಮೆಲ್ಲಗೆ ಬಂದು, ತನ್ನ ಅಜ್ಜಿಯ ಮನೆಯ ಪೈಪೂ ಹೊಳೆಯಿತೆಂದು ಹೇಳಿ ಹೋದಳು.

"ಕೆಲಸ ಹೋದ್ರೆ?" ಎಂದು ಮಿತಿಯಮ್ಮನ ಗಂಡ ಊಟ ಮಾಡುತ್ತಾ ಕೇಳಿದ. ಅವನದು ಕನ್ನಡಕ ರಿಪೇರಿಯ ಸಣ್ಣ ಅಂಗಡಿ. ಜಗಳಕ್ಕೆ ಹೋಗುವ ಜೀವವಲ್ಲ.

"ಹೋದ್ರೆ ನಿಮ್ಮ ಅಂಗಡಿಯಲ್ಲಿ ಗಾಜು ಒರೆಸ್ತೀನಿ. ಬೇಡ ಅಂತೀರಾ?"

"ಬೇಡ ಅನ್ನಲ್ಲ. ಆದರೆ ಅಲ್ಲಿ ನಿನ್ನ ಕಾಟ ತಡೆಯೋಕೆ ಆಗಲ್ಲ ಕಣೇ. ನೀನು ಅಲ್ಲೇ ಇದ್ದು ಗೆದ್ದರೆ ಮೇಲು," ಎಂದ. ಅವಳಿಗೆ ನಗು ಬಂತು. ಬಹಳ ದಿನಗಳ ನಂತರದ ನಗು ಅದು.

ಮಂಡಳಿಯ ತಿಂಗಳ ಸಭೆಯ ಕೊನೆಗೆ ಸಾರ್ವಜನಿಕರು ಮಾತಾಡಬಹುದಿತ್ತು. ಸಾಮಾನ್ಯವಾಗಿ ಆ ಹೊತ್ತಿಗೆ ಸಭಾಂಗಣ ಖಾಲಿಯಿರುತ್ತಿತ್ತು. ಆ ಸಲ ಹಳೇ ಪೇಟೆಯ ಓಣಿ ಪೂರ್ತಿ ಬಂದು ಕುರ್ಚಿ ಹಿಡಿದಿತ್ತು. ವಿಚಾರಣೆಗೆಂದು ಕರೆಸಿದ್ದ ಮಿತಿಯಮ್ಮ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಮುಖ್ಯ ಎಂಜಿನಿಯರು ವರ್ಷದ ವರದಿ ಓದಿದರು. ಸೀಸ, ಇಡೀ ನಗರದಲ್ಲಿ, ಮಿತಿಯೊಳಗಿದೆ.

"ನಿಯಮದ ಪ್ರಕಾರ ಇದು ಸರಿಯೇ?" ಎಂದು ಅಧ್ಯಕ್ಷೆ ಮುಖ್ಯ ರಸಾಯನಜ್ಞರನ್ನು ಕೇಳಿದರು.

"ನಿಯಮದ ಪ್ರಕಾರ ಸರಿ," ಎಂದರು ಅವರು. ದನಿ ಸಣ್ಣದಾಗಿತ್ತು.

ನಾದಿನಿ ಎದ್ದಳು. ಅವಳ ಕೈಯಲ್ಲೊಂದು ಗಾಜಿನ ಬಾಟಲಿಯಿತ್ತು. ಮುಂದಿನ ಸಾಲಿನ ಸದಸ್ಯರೊಬ್ಬರು ಈಗೇನಾಗುತ್ತದೆ ಎಂದು ಗೊತ್ತಿರುವವರ ಹಾಗೆ ನಿಟ್ಟುಸಿರುಬಿಟ್ಟರು.

"ಕುಡೀರಿ ಅನ್ನೋಕೆ ಬಂದಿಲ್ಲ ಸ್ವಾಮಿ, ಹೆದರಬೇಡಿ," ಎಂದಳು ನಾದಿನಿ. ಮೈಕು ಅವಳಿಗೆ ಬೇಕಾಗಲಿಲ್ಲ. "ಇದನ್ನ ಯಾರೂ ಕುಡೀಬಾರದು ಅಂತಲೇ ಬಂದಿರೋದು. ನಮ್ಮನೆ ನಲ್ಲೀಲಿ ಇವತ್ತು ಬೆಳಿಗ್ಗೆ ಬಂದ ಮೊದಲ ನೀರು ಇದು. ನಾನು ಬಸ್ ಓಡಿಸ್ತೀನಿ. ನಿಂತಿರೋ ಬಸ್ಸನ್ನ ಪರೀಕ್ಷೆ ಮಾಡಿ ಬ್ರೇಕ್ ಚೆನ್ನಾಗಿದೆ ಅಂದ್ರೆ ನಾನು ಒಪ್ತೀನಾ? ಓಡಿಸಿ ನೋಡಬೇಕು. ನನ್ನ ಮಗು ಯಾವ ನೀರು ಕುಡೀತೋ ಅದನ್ನ ಪರೀಕ್ಷೆ ಮಾಡಿ. ನಮ್ಮ ಬಾಟಲಿ ಸರಿಯಿಲ್ಲ ಅಂದ್ರೆ ನಿಮ್ಮ ಬಾಟಲಿ ತನ್ನಿ. ನಮ್ಮತ್ತಿಗೆ ಕೈ ಸರಿಯಿಲ್ಲ ಅಂದ್ರೆ ಬೇರೆ ಕೈ ತನ್ನಿ. ಅಷ್ಟೇ ಕೇಳೋಕೆ ಬಂದಿದೀವಿ."

ಅವಳ ಬೆನ್ನ ಮೇಲಿದ್ದ ಪುಟ್ಟಿ ಬೆಳಕು ನೋಡಿ ಆ ಎಂದಿತು. ಎಂಜಿನಿಯರು ನಿಯಮದ ಪುಸ್ತಕದತ್ತ ಕೈ ಚಾಚಿದರು.

ಮುಖ್ಯ ರಸಾಯನಜ್ಞರು ಮತ್ತೆ ಎದ್ದು ನಿಂತರು. "ನಾಳೆ ಬೆಳಿಗ್ಗೆ ನಾನೇ ಹೋಗ್ತೀನಿ," ಎಂದರು. "ಮಂಡಳಿಯ ಬಾಟಲಿ, ಮಂಡಳಿಯ ಸೀಲು. ನಾನೇ ಹಿಡೀತೀನಿ, ನಾನೇ ಅಳೀತೀನಿ. ಮೊದಲ ನೀರು."

"ನಿಯಮದಲ್ಲಿ ಇಲ್ಲವಲ್ಲ?" ಎಂದರು ಎಂಜಿನಿಯರು.

"ಬೇಡ ಅಂತಲೂ ಇಲ್ಲ," ಎಂದರು ಅವರು. ಕೂರುವಾಗ ಒಮ್ಮೆ ಗೋಡೆಯ ಪಕ್ಕದ ಬೆಂಚಿನ ಕಡೆ ನೋಡಿದರು. ಮಿತಿಯಮ್ಮನ ಕಣ್ಣು ತೇವವಾಗಿತ್ತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮುಖ್ಯ ರಸಾಯನಜ್ಞರು ಓಣಿಯ ಮನೆಗಳನ್ನು ತಾವೇ ಆರಿಸಿದರು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಾಟಲಿ ತಂದರು. ನಾದಿನಿಯ ಮನೆಯಲ್ಲಿ ನಲವತ್ತೊಂದು ಬಂತು. ಉಳಿದವೂ ಮಿತಿಯಮ್ಮ ಬರೆದ ಅಂಕಿಗಳಿಂದ ದೂರ ಹೋಗಲಿಲ್ಲ. ಅವುಗಳ ಕೆಳಗೆ ಅವರು ತಮ್ಮ ಸಹಿ ಹಾಕಿದರು. ಆಮೇಲೆ ಅವಳನ್ನು ಕರೆದು, "ನಾಳೆಯಿಂದ ಯಂತ್ರಕ್ಕೆ ಬನ್ನಿ. ಹಳೇ ಪೇಟೆಯಷ್ಟೇ ಅಲ್ಲ, ಕೆಲಸ ಬಹಳ ಇದೆ," ಎಂದರು. ವಿಚಾರಣೆ ಏನಾಯಿತೆಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅದು ಎಲ್ಲೋ ಧೂಳು ತಿನ್ನುತ್ತ ಬಿದ್ದಿರಬೇಕು.

ಮಾದರಿ ಹಿಡಿಯುವ ನಿಯಮ ಬದಲಾಯಿತು. ಸೀಸಕ್ಕೆ ಇನ್ನು ಮೇಲೆ ಮೊದಲ ನೀರೇ ಲೆಕ್ಕ. ಮಕ್ಕಳಿರುವ ಮನೆಗಳಿಗೆ ಮೊದಲು ಫಿಲ್ಟರು, ನಂತರ ಓಣಿಯಿಂದ ಓಣಿಗೆ ಹೊಸ ಪೈಪು ಎಂದು ತೀರ್ಮಾನವಾಯಿತು. ಹೊಸ ನಿಯಮದಂತೆ ಅಳೆದ ವರದಿ ಹೊರಬಿದ್ದಾಗ ಹಳೇ ಬಡಾವಣೆಗಳೆಲ್ಲ ಮಿತಿ ಮೀರಿದ್ದವು. ನಗರದ ನೀರು ಒಂದೇ ವರ್ಷದಲ್ಲಿ ಹಾಳಾಯಿತು ಎಂದು ಪತ್ರಿಕೆಗಳು ಬರೆದವು. ಜನ ಪ್ರಯೋಗಾಲಯಕ್ಕೆ ಬಂದು ಹಿಡಿಶಾಪ ಹಾಕಿದರು. ಹೋದ ವರ್ಷದವರೆಗೆ ಎಷ್ಟು ಚೆನ್ನಾಗಿತ್ತು, ಇವರು ಏನೇನೋ ಮಾಡಿ ಕೆಡಿಸಿದರು ಎಂದು ಒಬ್ಬ ಮಿತಿಯಮ್ಮನ ಮುಖದೆದುರೇ ಬೆರಳಾಡಿಸಿದ. ನೀರು ಹೋದ ವರ್ಷದ್ದೇ, ನಾವು ನೋಡಿದ್ದು ಮಾತ್ರ ಈ ವರ್ಷ ಎಂದು ಅವಳು ವಿವರಿಸಿದಳು. ಅವನು ತಲೆ ಕೊಡವಿ ಹೋದ. ಮರುದಿನ ಇನ್ನೊಬ್ಬನಿಗೆ ಅದನ್ನೇ ವಿವರಿಸಿದಳು.

ಪುಟ್ಟಿಯ ರಕ್ತದಲ್ಲಿ ಸೀಸ ಮೆಲ್ಲಮೆಲ್ಲಗೆ ಇಳಿಯಿತು. ಕೆನ್ನೆಗೆ ಬಣ್ಣ ಬಂತು. ಆಗಿಹೋದ ದಿನಗಳು ಏನು ಮಾಡಿವೆ ಎಂದು ಈಗಲೇ ಹೇಳಲಾಗದು, ಮಾತು ಕಲಿಯುವಾಗ, ಶಾಲೆಗೆ ಹೋಗುವಾಗ ಗಮನವಿಟ್ಟು ನೋಡಬೇಕು ಎಂದರು ಡಾಕ್ಟರು. ನಾದಿನಿ ಅದಕ್ಕೆ ಅಳಲಿಲ್ಲ. "ನೋಡೋಣ. ಮಾತಿನ ವಿಷಯದಲ್ಲಿ ನನ್ನ ಮಗಳಿಗೆ ಕೊರತೆ ಆಗೋ ಹಾಗೆ ಕಾಣಲ್ಲ," ಎಂದಳು. ಆದರೆ ಮಿತಿಯಮ್ಮನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು, ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೂ ಬಿಡಲಿಲ್ಲ.

ಓಣಿ ಅಗೆದ ದಿನ ಕೆಲಸಗಾರರು ಹಳೆಯ ಪೈಪುಗಳನ್ನು ಎಳೆದು ಹಾಕಿದರು. ಬೂದು ಬಣ್ಣದ ಆ ಪೈಪುಗಳು ತಮ್ಮ ಭಾರಕ್ಕೆ ತಾವೇ ಬಾಗಿ ಬಿದ್ದವು. ದರ್ಜಿಯ ಸೊಸೆ ಹೊಸ ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತು ನೋಡಿದಳು. ಡ್ರಿಲ್ ಟೀಚರು ಎಲ್ಲಿ ಅಗೆಯಬೇಕು, ಹೇಗೆ ಅಗೆಯಬೇಕು ಎಂದು ಕೆಲಸಗಾರರಿಗೆ ಅಪ್ಪಣೆ ಕೊಡುತ್ತ ಓಡಾಡಿದರು.

ಮಿತಿಯಮ್ಮ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳ ಜೀಪು ಕಾಲುವೆಯಾಚೆಯ ಗಿರಣಿ ಕೇರಿಗೆ ಹೊರಡಬೇಕಿತ್ತು. ಅಲ್ಲಿಯ ಮನೆಗಳು ಹಳೇ ಪೇಟೆಗಿಂತಲೂ ಹಳೆಯವು. ಮೊದಲ ಮನೆಯ ಬಾಗಿಲು ಬಡಿದಾಗ ಮುದುಕನೊಬ್ಬ ಅರ್ಧ ತೆರೆದು ಇಣುಕಿದ.

"ನಮ್ಮ ನೀರು ಚೆನ್ನಾಗೇ ಇದೆ ತಾಯಿ. ನೀವು ಬಂದು ಕೆಡಿಸಬೇಡಿ, ಹೋಗಿ," ಎಂದು ಬಾಗಿಲು ಹಾಕಿಕೊಂಡ.

ಅವಳು ಬುಟ್ಟಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು, ಪಕ್ಕದ ಮನೆಯ ಬಾಗಿಲು ಬಡಿದಳು.